ಕ್ಯಾಮೆರಾ ಕೊಟ್ಟರು, ಚಿತ್ರ ಒಯ್ದರು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳಿದ್ದಾರೆ. ಆ ಮಾತನ್ನು ಮೀರಿ ನಾನಿಂದು ಹಲ್ಲು ಎಣಿಸಲು ಕುಳಿತಿದ್ದೇನೆ. ದಾನ ಬಂದದ್ದು ನನಗಲ್ಲ. ಎಣಿಸಲು ನನಗಿರುವ ಅಧಿಕಾರವೆಂದರೆ, ಆ ದಾನದ ವ್ಯವಹಾರದಲ್ಲಿ ನನ್ನ ಕೈಯೂ ಸೇರಿತ್ತೆಂಬುದು ಒಂದೇ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಹಿಡಿದರೆ, ಸಕ್ರೆಬೈಲಿನ ಆನೆಬಿಡಾರ ಬರುವುದಕ್ಕೆ ಮೊದಲೇ ಗಾಜನೂರು ಸಿಕ್ಕುತ್ತದೆ. ತುಂಗೆಗೆ ಅಲ್ಲಿ ಅಣೆಕಟ್ಟು. ಮಳೆಗಾಲದಲ್ಲಿ ಗೇಟು ತೆಗೆದರೆಂಬ ಸುದ್ದಿ ಬಂದೊಡನೆ ನಮ್ಮ ಪೇಟೆಯ ಜನ ಮೊಬೈಲು ಹಿಡಿದು ಧಾವಿಸುತ್ತಾರೆ. ನೊರೆಗೆ ಬೆನ್ನು ಕೊಟ್ಟು ನಿಂತು, ತಮ್ಮ ಮುಖವನ್ನೇ ತೆಗೆದುಕೊಂಡು ಹಿಂದಿರುಗುತ್ತಾರೆ. ಆ ಊರಿನವರ ಮುಖ ಯಾರಿಗೂ ಬೇಕಿಲ್ಲ. ಹೀಗಿರುವಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಸೇವಾಸಂಸ್ಥೆ ಆ ಸುತ್ತಿನ ಹಳ್ಳಿಗಳ ಹನ್ನೆರಡು ಮಂದಿ ತರುಣಿಯರಿಗೆ ಹತ್ತು ದಿನ ಛಾಯಾಗ್ರಹಣ ಕಲಿಸುತ್ತದೆಂದು ಕೇಳಿ ನಾನು ಸಂತೋಷಪಟ್ಟೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹಣ ಹೊರದೇಶದ್ದು. ಬಡ ದೇಶಗಳ ಹೆಣ್ಣುಮಕ್ಕಳಿಗೆ ಕ್ಯಾಮೆರಾದ ಮೂಲಕ ‘ದನಿ ಕೊಡುವುದು’ ಅವರ ಧ್ಯೇಯವಂತೆ. ಬೆಂಗಳೂರಿನಲ್ಲಿ ನಡೆಯಲಿದ್ದ ಪ್ರದರ್ಶನದ ಚಿತ್ರಗಳಿಗೆ ಕನ್ನಡ ಶೀರ್ಷಿಕೆ ಬರೆದುಕೊಡಲು ನನ್ನನ್ನು ಕೇಳಿದರು. ಒಪ್ಪಿದೆ.

ಆ ಹನ್ನೆರಡು ಮಂದಿಯಲ್ಲಿ ಒಬ್ಬಳು ನನ್ನ ವಿದ್ಯಾರ್ಥಿನಿ. ಆಕೆ ತೆಗೆದ ಒಂದು ಚಿತ್ರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಬೆಳಗಿನ ಬಸ್ಸು, ಬಾಗಿಲಿಗೆ ಜೋತುಬಿದ್ದ ಹುಡುಗರು, ರಸ್ತೆಯ ಅಂಚಿನಲ್ಲಿ ಚೀಲ ಹೊತ್ತು ಕೈ ಮೇಲೆತ್ತಿದ ಮೂವರು ಹುಡುಗಿಯರು. ಹುಡುಗಿಯರು ಸ್ಪಷ್ಟವಾಗಿದ್ದಾರೆ, ಬಸ್ಸು ಮಸುಕಾಗಿದೆ. ಏಕೆಂದರೆ ಅದು ನಿಂತಿಲ್ಲ. ಕೆಳಗೆ ಆಕೆಯೇ ಬರೆದಿದ್ದಳು: “ಏಳೂವರೆ ಬಸ್ಸು. ಇವತ್ತೂ ನಿಲ್ಲಿಸಲಿಲ್ಲ.” ಹಾಜರಿ ಏಕೆ ಕಡಿಮೆಯೆಂದು ಆಕೆಯನ್ನು ತರಗತಿಯಲ್ಲಿ ಹಲವು ಸಲ ಗದರಿಸಿದ್ದ ನನಗೆ ಆ ಚಿತ್ರ ಒಂದು ಕ್ಷಣದಲ್ಲಿ ಉತ್ತರ ಹೇಳಿತು.

ಪ್ರದರ್ಶನಕ್ಕೆ ಆರಿಸಿದ್ದು ಆ ಚಿತ್ರವನ್ನಲ್ಲ. ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲು, ಅದರಲ್ಲಿ ಸುರುಳಿ ಸುತ್ತುವ ಹೊಗೆ, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ ಅಜ್ಜಿ, ಇದನ್ನು ಆರಿಸಿದರು. ಸುಂದರವಾದ ಚಿತ್ರವೇ, ಅನುಮಾನವಿಲ್ಲ. ‘ಹೊಗೆಯೊಳಗಿನ ಬಾಳು’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ ಸಿದ್ಧವಾಗಿತ್ತು, ನಾನು ಕನ್ನಡಿಸಿದೆ. ಆಮೇಲೆ ಆ ಹುಡುಗಿ ನಗುತ್ತ ಹೇಳಿದಳು: “ನಮ್ಮನೇಲಿ ಗ್ಯಾಸಿದೆ ಸಾರ್. ಅಜ್ಜಿ ಸ್ನಾನದ ಹಂಡೆಗೆ ಬೆಂಕಿ ಹಾಕ್ತಿದ್ದರು.” ಅಷ್ಟು ಹೊತ್ತಿಗೆ ಶೀರ್ಷಿಕೆ ಅಚ್ಚಾಗಿತ್ತು. ನನಗೆ ಸಂಭಾವನೆ ಬಂತು. ಆಕೆಗೆ ಪ್ರಮಾಣಪತ್ರ. ಕ್ಯಾಮೆರಾಗಳನ್ನು ಎಣಿಸಿ, ಒರೆಸಿ, ಪೆಟ್ಟಿಗೆಗೆ ತುಂಬಿ, ಮುಂದಿನ ಶಿಬಿರದ ಊರಿಗೆ ಒಯ್ದರು.

ಛಾಯಾಗ್ರಹಣವೆಂಬ ನಮ್ಮ ಪದವನ್ನು ಟಂಕಿಸಿದವರು ತಿಳಿದೋ ತಿಳಿಯದೆಯೋ ದೊಡ್ಡ ಮಾತಾಡಿದ್ದಾರೆ. ಗ್ರಹಣವೆಂದರೆ ಅರಿಯುವುದು, ಹಿಡಿದುಕೊಳ್ಳುವುದು, ಸೂರ್ಯಚಂದ್ರರಿಗೆ ಬಡಿಯುವುದೂ ಗ್ರಹಣವೇ. ಈ ದೇಶದಲ್ಲಿ ಕ್ಯಾಮೆರಾ ಮೊದಲಿನಿಂದಲೂ ಎರಡನೆಯ ಅರ್ಥವನ್ನು ಚೆನ್ನಾಗಿ ಬಲ್ಲದು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಬ್ರಿಟಿಷರು ಹೊರತಂದರು. ಜಾತಿಗೊಂದು, ಬುಡಕಟ್ಟಿಗೊಂದು ಎಂಬಂತೆ ನಮ್ಮವರನ್ನು ನಿಲ್ಲಿಸಿ ತೆಗೆದ ಚಿತ್ರಗಳು. ಪಕ್ಕದಲ್ಲಿ ಇವರು ಸಾಧುಗಳು, ಇವರು ಕಳ್ಳರು ಎಂಬ ವಿವರಣೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ 2000ದಿಂದ 2004ರವರೆಗೆ ಕ್ಲೇರ್ ಆರ್ನಿಯವರೊಡನೆ ಮಾಡಿದ ಚಿತ್ರಮಾಲಿಕೆಯಲ್ಲಿ ತಾವೇ ವೇಷ ಹಾಕಿ, ಅಳತೆಯ ಚೌಕಳಿ ಪರದೆಯ ಮುಂದೆ ತಾವೇ ನಿಂತು, ಆ ದೃಷ್ಟಿಯನ್ನು ಅಣಕಿಸಿದರು. ಇಂದು ಚೌಕಳಿ ಪರದೆ ಹೋಗಿದೆ. ಕ್ಯಾಮೆರಾ ಹಳ್ಳಿಯ ಹುಡುಗಿಯ ಕೈಗೆ ಬಂದಿದೆ. ಆದರೆ ಯಾವ ಚಿತ್ರ ಗೋಡೆ ಏರಬೇಕು, ಅದರ ಕೆಳಗೆ ಏನು ಬರೆಯಬೇಕು ಎನ್ನುವವರು ಬದಲಾಗಿಲ್ಲ. ಹಿಂದೆ ನಮ್ಮ ಬಡತನವನ್ನು ಅವರೇ ತೆಗೆದುಕೊಳ್ಳಬೇಕಾಗಿತ್ತು. ಈಗ ನಾವೇ ತೆಗೆದು ಕೊಡುತ್ತೇವೆ.

ಒಳ್ಳೆಯ ಮನಸ್ಸಿನವರೂ ಈ ಬಲೆಗೆ ಬೀಳುತ್ತಾರೆ. ಕಲ್ಕತ್ತೆಯ ಸೋನಾಗಾಛಿಯ ಮಕ್ಕಳಿಗೆ ಕ್ಯಾಮೆರಾ ಕೊಟ್ಟು ಕಲಿಸಿದ ಕಥೆಯ ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಮಕ್ಕಳ ಚಿತ್ರಗಳನ್ನು ಮಾರಿ ಬಂದ ಹಣವನ್ನು ಅವರ ಓದಿಗೇ ಬಳಸಿದರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಕೊಟ್ಟವರ ಕಥೆಯನ್ನು.

ಹಾಗಾದರೆ ಬೇರೆ ದಾರಿ ಇಲ್ಲವೆ? ಇದೆ, ಬಹಳ ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಬೀದರಿನ ಗಡಿಗೆ ತಾಗಿದ ಜಹೀರಾಬಾದಿನ ಸೀಮೆಯಲ್ಲಿ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಹೆಂಗಸರು 1990ರ ದಶಕದ ಕೊನೆಯಿಂದ ವಿಡಿಯೋ ಕ್ಯಾಮೆರಾ ಹಿಡಿದಿದ್ದಾರೆ. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾಗಿದ್ದು 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ಓದು ಬಾರದ ಆ ಹೆಂಗಸರಿಗೆ ಕ್ಯಾಮೆರಾದ ಕೋನಗಳ ಇಂಗ್ಲಿಷ್ ಹೆಸರು ಬೇಕಾಗಲಿಲ್ಲ; ತಮ್ಮ ಹೆಸರನ್ನೇ ಇಟ್ಟರು. ಮೇಲಿನಿಂದ ಕೆಳಕ್ಕೆ ನೋಡುವುದು ಪಟೇಲರ ಶಾಟ್. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮವಾಗಿದ್ದರೆ ಸಂಘದ ಶಾಟ್, ಏಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಕೂತು ಮಾತಾಡುತ್ತಾರೆ. ಇಪ್ಪತ್ತು ವರ್ಷ ಅಲಂಕಾರಶಾಸ್ತ್ರ ಪಾಠ ಮಾಡಿದ ನನಗೆ ಇಷ್ಟು ಚೊಕ್ಕವಾದ ಲಕ್ಷಣ ಹೇಳಲು ಬಂದಿಲ್ಲ. ಅವರು ತೆಗೆದದ್ದು ಹೊಗೆಯ ಅಜ್ಜಿಯನ್ನಲ್ಲ. ತಮ್ಮ ಬೀಜಗಳನ್ನು, ಬೆಳೆಗಳನ್ನು. ವರಂಗಲ್ಲಿನ ಬಿಟಿ ಹತ್ತಿಯ ರೈತರ ಬಳಿಗೆ ವರ್ಷ ವರ್ಷವೂ ಹೋಗಿ ಅವರ ನಷ್ಟದ ಲೆಕ್ಕವನ್ನು ಚಿತ್ರಿಸಿದರು. ಅಲ್ಲಿ ಕ್ಯಾಮೆರಾ ಹಿಂದಿರುಗಿ ಹೋಗಲಿಲ್ಲ, ಊರಲ್ಲೇ ಉಳಿಯಿತು. ಭೇದವಿರುವುದು ಇಲ್ಲೇ.

ಇನ್ನು ಕಾಯಿದೆಯ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರೇ. ನೌಕರಿಯಲ್ಲೋ ಹಣ ಕೊಟ್ಟವರಿಗಾಗಿಯೋ ತೆಗೆದದ್ದಲ್ಲವಾದರೆ ಮೊದಲ ಒಡೆತನವೂ ಅವರದೇ. 2012ರ ತಿದ್ದುಪಡಿಯಾದಮೇಲೆ ಈ ಹಕ್ಕು ತೆಗೆದವರ ಜೀವಮಾನಕ್ಕೂ ಅನಂತರದ 60 ವರ್ಷಕ್ಕೂ ಸಲ್ಲುತ್ತದೆ. ಬರೆದುಕೊಟ್ಟರೆ ಮಾತ್ರ ಅದು ಇನ್ನೊಬ್ಬರದಾಗುತ್ತದೆ. ಬರೆಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ, ಅಷ್ಟಕ್ಕೇ ಸೀಮಿತ. ಗಾಜನೂರಿನ ಹುಡುಗಿಯರು ಮೊದಲ ದಿನವೇ ರುಜು ಹಾಕಿದ ಇಂಗ್ಲಿಷ್ ಹಾಳೆಯಲ್ಲಿ ಎರಡೂ ಹೇಳಲಾಗಿತ್ತು: ಶಾಶ್ವತವಾಗಿ, ಸಮಸ್ತ ಜಗತ್ತಿನಲ್ಲಿ. ಕನ್ನಡ ಶೀರ್ಷಿಕೆಗೆ ಕನ್ನಡ ಮೇಷ್ಟರನ್ನು ಹುಡುಕಿದವರಿಗೆ, ಆ ಹಾಳೆಯನ್ನು ಕನ್ನಡಿಸಲು ಮೇಷ್ಟರು ಬೇಕೆನಿಸಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

“ಇಷ್ಟಾದರೂ ಮಾಡಿದರಲ್ಲ, ಸರಕಾರ ಮಾಡಿತೆ, ನೀವು ಮಾಡಿದಿರಾ?” ಎನ್ನುವವರುಂಟು. ಮಾಡಲಿಲ್ಲ, ಒಪ್ಪಿದೆ. ಆದರೆ ಹತ್ತು ದಿನದಲ್ಲಿ ಬಡಗಿಯಾಗುವುದಿಲ್ಲ, ದರ್ಜಿಯಾಗುವುದಿಲ್ಲ. ಛಾಯಾಗ್ರಾಹಕಿ ಮಾತ್ರ ಹೇಗಾದಾಳು? ಹಣದ ಮಾತೆತ್ತಿದರೆ ಕಲೆ ಕೆಡುತ್ತದೆನ್ನುವವರಿಗೆ ಹೋಮಾಯ್ ವ್ಯಾರಾವಾಲಾರನ್ನು ನೆನಪಿಸುತ್ತೇನೆ. ಆರಂಭದಲ್ಲಿ ಆಕೆಯ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. ಆದರೂ ಅದನ್ನೇ ಕಸುಬು ಮಾಡಿಕೊಂಡು ದುಡಿದು ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿಯಾದರು. ಕಲಿಸುವುದಾದರೆ ಕಸುಬಾಗಿ ಕಲಿಸಿ. ಕ್ಯಾಮೆರಾವನ್ನು ಅಲ್ಲೇ ಬಿಡಿ. ಚಿತ್ರವನ್ನು ಮೊದಲು ಆ ಊರಿನಲ್ಲಿ, ಬಸ್ಸು ಬಿಡುವವರ ಕಣ್ಣೆದುರಿಗೆ ತೂಗುಹಾಕಿ. ಮಾರಿದರೆ ಕೂಲಿ ಕೊಡಿ. ಇಷ್ಟಾಗದಿದ್ದರೆ ನೀವು ಕಲಿಸಿದಂತಲ್ಲ, ಬಿಟ್ಟಿ ಮಾಡಿಸಿದಂತೆ.

ಆ ಬಸ್ಸಿನ ಚಿತ್ರ ಆಕೆಯ ಮೊಬೈಲಿನಲ್ಲಿ ಇನ್ನೂ ಇದೆ. ಈ ಲೇಖನದೊಡನೆ ಅದು ಅಚ್ಚಾದರೆ ಚೆನ್ನಾಗಿತ್ತೆಂದು ಮೊನ್ನೆ ಆಕೆಯನ್ನು ಕೇಳಿದೆ.

“ಎಷ್ಟು ಕೊಡ್ತಾರೆ ಸಾರ್?” ಎಂದಳು.

ಶಿಬಿರ ಕಲಿಸದ ಪಾಠವನ್ನು ಹುಡುಗಿ ತಾನೇ ಕಲಿತಿದ್ದಾಳೆ. ಉತ್ತರವನ್ನು ಸಂಪಾದಕರಿಗೆ ಬಿಟ್ಟಿದ್ದೇನೆ. ಅದು ಬರುವವರೆಗೆ ಈ ಲೇಖನಕ್ಕೆ ಚಿತ್ರವಿಲ್ಲ.