ತೋಟಾ ಒಳಗೆ ಕೂತರೆ ಆಯ್ತಾ?

ಸೆಪ್ಟೆಂಬರ್ ಮೊದಲ ವಾರ ಬಂತೆಂದರೆ ಮೈಸೂರಿನ ನಮ್ಮ ಆಫೀಸಿನಲ್ಲಿ ಕೊಡಗಿನ ಹುಡುಗರ ಕುರ್ಚಿಗಳೆಲ್ಲ ಖಾಲಿ. ಕೈಲ್ ಪೊಳ್ದ್ ಹಬ್ಬ. ಮನೆಯ ಕೋವಿಗಳನ್ನೆಲ್ಲ ಒರೆಸಿ, ತೋಕ್ ಪೂ (ಅದೇ ನಮ್ಮ ಅಗ್ನಿಶಿಖೆ ಹೂವು) ಸಿಕ್ಕಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಪೂಜೆ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು, ಅಜ್ಜನ ಕಾಲದ ಜೋಡುನಳಿಗೆ ಕೋವಿಗೆ ಅಂಗಡಿಯಲ್ಲಿ ಸಿಕ್ಕ ಹೊಸ ತೋಟಾ ತುಂಬುವುದರ ಬಗ್ಗೆ.

"12 ಬೋರ್ ಕೋವಿ, 12 ಬೋರ್ ತೋಟಾ. ಸರಿಯಾಗಿ ಕೂರುತ್ತೆ, ಇನ್ನೇನು?" ಅಂತಾನೆ ಗೆಳೆಯ. ದಿನವಿಡೀ ಕೋಡ್ ಬರೆಯುವವನ ಬಾಯಲ್ಲಿ ಈ ಮಾತು! ಕಂಪೈಲ್ ಆಯಿತು ಅಂದಮಾತ್ರಕ್ಕೆ ಪ್ರೋಗ್ರಾಂ ಸರಿ ಇದೆ ಅಂತಲಾ?

ವಿಷಯ ಇಷ್ಟೇ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟಾಗಳಲ್ಲಿ ಹೆಚ್ಚಿನವು 70 ಮಿಲಿಮೀಟರ್. ಆದರೆ ಈ 70 ಅನ್ನುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ! ಬಾಯಿ ಮಡಚಿದ್ದಾಗ ಅದು ಸುಮಾರು 58 ಮಿಲಿಮೀಟರ್ ಇರುತ್ತೆ ಅಷ್ಟೆ. ಹಾಗಾಗಿ ಚಿಕ್ಕ ಕೋಣೆಯಲ್ಲೂ ಹಾಯಾಗಿ ಕೂರುತ್ತೆ. ಕುದುರೆ ಎಳೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ, ಕೋಣೆಯ ಮುಂದಿನ ಕಿರಿದಾದ ಇಳಿಜಾರಿಗೆ ಚಾಚಿಕೊಳ್ಳುತ್ತೆ. ಚರೆಗಳು ಹೊರಡುವ ದಾರಿಯೇ ಇಕ್ಕಟ್ಟು. ಒಳಗೆ ಒತ್ತಡ ಏರುತ್ತೆ.

ಒತ್ತಡದ ಲೆಕ್ಕವನ್ನೂ ನೋಡಿ. ಯುರೋಪಿನ ಸಿ.ಐ.ಪಿ. ನಿಯಮದಲ್ಲಿ ಸಾಧಾರಣ 12 ಬೋರ್ ತೋಟಾಕ್ಕೆ ಮಿತಿ 740 ಬಾರ್. ಹೈ ಪರ್ಫಾರ್ಮೆನ್ಸ್ ತೋಟಾಕ್ಕೆ 1050 ಬಾರ್. ಎರಡೂ ನೋಡಲು ಅಣ್ಣತಮ್ಮಂದಿರ ಥರ. ಕೋವಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ.

ಡಮಾಸ್ಕಸ್ ನಳಿಗೆ ಇನ್ನೊಂದು ಕಥೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದು, ಸುತ್ತಿ, ಕಾಯಿಸಿ ಬಡಿದು ಮಾಡಿದ್ದು. ಹಾವಿನ ಮೈಯಂಥ ಚಿತ್ತಾರ, ನೋಡಲು ಬಲು ಚೆಂದ. ಇವು ಹೆಚ್ಚಾಗಿ ಕರಿಮದ್ದಿನ ಕಾಲದವು. ಹಾಗಂತ ಡಮಾಸ್ಕಸ್ ಎಲ್ಲವೂ ಸಿಡಿಯುತ್ತೆ ಅನ್ನುವುದೂ ಸುಳ್ಳು. ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿ ಪಾಸಾದ ಡಮಾಸ್ಕಸ್ ನಳಿಗೆಗಳೂ ಇವೆ. ನಳಿಗೆ ಬಿಚ್ಚಿ ಅಡಿಯ ಚಪ್ಪಟೆ ಭಾಗ ನೋಡಿದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇರುತ್ತೆ. ಬರ್ಮಿಂಗ್‌ಹ್ಯಾಮಿನದು 1813ರಿಂದ ಇದೇ ಕೆಲಸ ಮಾಡಿಕೊಂಡು ಬಂದ ಸಂಸ್ಥೆ. "ನೈಟ್ರೋ ಪ್ರೂಫ್" ಅಂತಿದೆಯಾ, ಕೋಣೆಯ ಉದ್ದ ಎಷ್ಟು ಅಂತಿದೆ, ಓದಿ. ಕೆಲವದರ ಮೇಲೆ "ನಾಟ್ ಫಾರ್ ಬಾಲ್" ಅಂತಿರುತ್ತೆ. ಬಾಯಿ ಕಿರಿದಾದ ನಳಿಗೆ, ಒಂಟಿ ಗುಂಡು ಹಾಕಬೇಡಿ ಅಂತ. ಆ ಕಾಲದಲ್ಲೇ ಡಾಕ್ಯುಮೆಂಟೇಶನ್ ಇತ್ತು ಸ್ವಾಮಿ, ನಾವು ಓದಲ್ಲ ಅಷ್ಟೆ :-)

ಆದರೆ ಮುದ್ರೆ ಹೇಳುವುದು ಪರೀಕ್ಷೆಯಾದ ದಿನದ ಸ್ಥಿತಿ ಮಾತ್ರ. ಆಮೇಲೆ ನೂರು ಮಳೆಗಾಲ ಕಳೆದಿರುತ್ತೆ, ಅದೂ ಕೊಡಗಿನ ಮಳೆ. ಕರಿಮದ್ದಿನ ಮಸಿ ನೀರು ಹೀರಿ ಉಕ್ಕು ತಿನ್ನುತ್ತೆ. ಆ ತುಕ್ಕು ತೆಗೆಯಲು ಯಾರೋ ಒಳಗೆ ಉಜ್ಜಿ ನಳಿಗೆ ಇನ್ನಷ್ಟು ತೆಳುವಾಗಿರುತ್ತೆ. "ಅಜ್ಜ ಹೊಡೆದ್ರು, ಅಪ್ಪ ಹೊಡೆದ್ರು, ಏನೂ ಆಗಿಲ್ಲ" ಅನ್ನುವ ವಾದ ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಅವರು ಹಾರಿಸಿದ ಪ್ರತಿ ಈಡೂ, ನೆನೆದ ಪ್ರತಿ ಮಳೆಯೂ ಈ ನಳಿಗೆಯ ಲೆಕ್ಕದಲ್ಲೇ ಇದೆ. ನಳಿಗೆ ಸಿಡಿಯುವುದು ಹೆಚ್ಚಾಗಿ ಕೋಣೆಯ ಹತ್ತಿರ ಅಥವಾ ಅದರ ಸ್ವಲ್ಪ ಮುಂದೆ. ಗುರಿ ಹಿಡಿದವರ ಎಡಗೈ ಇರುವುದು ಸರಿಯಾಗಿ ಅಲ್ಲೇ. ಪಂದ್ಯದಲ್ಲಿ ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ.

ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೇಳಿದ ಒಂದು ಲೆಕ್ಕ ಇದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 28 ಗ್ರಾಂ ಚರೆಗೆ ಸುಮಾರು 2.7 ಕೆಜಿ, 36 ಗ್ರಾಂಗೆ ಸುಮಾರು 3.5 ಕೆಜಿ. ಇದು ಹಿಂದೊದೆತದ ಲೆಕ್ಕ, ನಳಿಗೆಯ ಬಲದ್ದಲ್ಲ. ಆದರೂ 3 ಕೆಜಿಯ ಹಗುರ ಹಳೇ ಕೋವಿಗೆ 36 ಗ್ರಾಂ ತುಂಬುವವರು ಒಮ್ಮೆ ಗುಣಿಸಿ ನೋಡಲಿ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ 1861ರಲ್ಲಿ ಶುರುವಾದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಇರಲಿ, ನನಗೂ ಖುಷಿಯೇ. ಆದರೆ ಆ ವಿನಾಯಿತಿ ಭೌತಶಾಸ್ತ್ರಕ್ಕೆ ಅನ್ವಯಿಸಲ್ಲ. ಪಂದ್ಯ ನಡೆಸುವವರು ಹೆಸರು ಬರೆದುಕೊಳ್ಳುವ ಮೇಜಿನ ಪಕ್ಕದಲ್ಲೇ ಅನುಭವಿ ಕೋವಿ ರಿಪೇರಿಯವರೊಬ್ಬರನ್ನು ಕೂರಿಸಲಿ. ಕೋಣೆಯ ಉದ್ದ ಅಳೆಯಲಿ, ನಳಿಗೆಯ ದಪ್ಪ ಅಳೆಯಲಿ, ಒಳಗೆ ಬೆಳಕು ಹಾಯಿಸಿ ನೋಡಲಿ. ಪಾಸಾದರೆ 65 ಮಿಲಿಮೀಟರಿನ, ಹಗುರ ಈಡಿನ ತೋಟಾ. ಮುದ್ರೆ ಕಾಣದಿದ್ದರೆ ಅಥವಾ ಅನುಮಾನ ಬಂದರೆ ಆ ಕೋವಿ ದೇವರ ಮುಂದೆಯೇ ಇರಲಿ, ಪಂದ್ಯಕ್ಕೆ ಬೇರೆಯದು ತನ್ನಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಈಡಿಗೂ ಅಷ್ಟೆ, ಅಜ್ಜನ ಕೋವಿಯೇ ಆಗಬೇಕು ಅಂತ ಹಟ ಯಾಕೆ?

ಇನ್ನೊಂದು ಮರೆತಿದ್ದೆ. ತೋಕ್ ಪೂ ಸಿಕ್ಕಿಸಿದ್ದರೆ ಪೂಜೆ ಆದ ಮೇಲೆ ಅದನ್ನು ಪೂರ್ತಿ ತೆಗೆದು, ಖಾಲಿ ಕೋವಿಯನ್ನು ಬಿಚ್ಚಿ ಎರಡೂ ನಳಿಗೆಯಲ್ಲಿ ಆಚೆಯ ಬೆಳಕು ಕಾಣುತ್ತಾ ನೋಡಿ. ನಳಿಗೆಯೊಳಗೆ ಸಿಕ್ಕಿಕೊಂಡ ಸಣ್ಣ ವಸ್ತುವೂ ಹೊಸ ಕೋವಿಯನ್ನೇ ಸೀಳಬಲ್ಲದು.