ತಾರಸಿಯ ಮೇಲಿನ ನೀರಿಗೂ ನಾವೇ ಹೊಣೆ

ಕುಡಿಯುವ ನೀರು, ಅಡುಗೆಯ ನೀರಿನ ಸ್ವಚ್ಛತೆಯ ಬಗ್ಗೆ ಹೋಟೆಲಿನವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಹವಾನಿಯಂತ್ರಿತ ಸಭಾಂಗಣವಿರುವ ನಮ್ಮಲ್ಲಿ ಎಷ್ಟು ಮಂದಿ ತಾರಸಿಯ ಕೂಲಿಂಗ್ ಟವರ್‌ನ ತೊಟ್ಟಿಯನ್ನು ಈ ವರ್ಷ ಇಣುಕಿ ನೋಡಿದ್ದೇವೆ? "ಅದು ಎ.ಸಿ.ಯವರ ಕೆಲಸ" ಎಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲ.

1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅದಾದ ಮೇಲೆ 182 ಮಂದಿ ನ್ಯುಮೋನಿಯಾದಂಥ ಕಾಯಿಲೆಗೆ ತುತ್ತಾದರು, 29 ಮಂದಿ ಸತ್ತರು. ಮೊದಲು ಸಂಶಯಪಟ್ಟವುಗಳಲ್ಲಿ ಊಟವೂ ಒಂದು. ಕಾರಣವಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾದದ್ದು 1977ರ ಜನವರಿಯಲ್ಲಿ. ಅಷ್ಟರಲ್ಲಿ ಗಿರಾಕಿಗಳಿಲ್ಲದೆ ಹೋಟೆಲು ಬಾಗಿಲು ಹಾಕಿಯಾಗಿತ್ತು. 2015ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಹೋಟೆಲಿನ ಟವರ್‌ನಿಂದಲೇ ಈ ರೋಗ ಹಬ್ಬಿ 16 ಮಂದಿ ಸತ್ತರು.

ಟವರ್‌ನಲ್ಲಿ ಬಿಸಿ ನೀರು ಗಾಳಿಗೆ ಬಿದ್ದು ತಣಿಯುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿ ಶಾಖದಲ್ಲಿ. ಟವರ್‌ನ ನೀರೂ ಹೆಚ್ಚಾಗಿ ಅಷ್ಟೇ ಬೆಚ್ಚಗಿರುತ್ತದೆ. ನೀರು ಆವಿಯಾದಂತೆ ಲವಣ ಉಳಿದು ಗಟ್ಟಿ ಪದರ ಕಟ್ಟುತ್ತದೆ. ಅದರ ಮೇಲೆ ಧೂಳು, ಪಾಚಿ, ಲೋಳೆ ಕೂತು ರೋಗಾಣುಗಳಿಗೆ ಮನೆಯಾಗುತ್ತದೆ. ಗಾಳಿಯಲ್ಲಿ ಹಾರುವ ಸಣ್ಣ ಹನಿಗಳನ್ನು ಉಸಿರಾಡಿದವರಿಗೆ ಅಪಾಯ.

ಅಹಮದಾಬಾದಿನ ವಟ್ವಾ ಜಿ.ಐ.ಡಿ.ಸಿ.ಯಂಥ ಕಡೆ ಇದು ಇನ್ನೂ ಮುಖ್ಯ. ಬಣ್ಣ, ರಾಸಾಯನಿಕ ಕಾರ್ಖಾನೆಗಳಿಗೆ ಕೂಲಿಂಗ್ ಟವರ್ ಬೇಕೇ ಬೇಕು. ಅಲ್ಲಿ ಕ್ಯಾಂಟೀನ್ ಗುತ್ತಿಗೆ ಹಿಡಿಯುವವರು ಟವರ್ ಎಲ್ಲಿದೆ, ಅದರ ಹನಿ ಊಟದ ಹಾಲಿನ ಕಿಟಕಿಗೆ ಬರುತ್ತದೆಯೇ, ಶುಚಿ ಮಾಡುವವರು ಯಾರು ಎಂದು ಮೊದಲೇ ಕೇಳಬೇಕು. ಕೇಳಿದರೆ ಗುತ್ತಿಗೆ ತಪ್ಪೀತೆಂಬ ಅಂಜಿಕೆ ನಮಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಊಟಕ್ಕೆ ಕೂರುವ ಕಾರ್ಮಿಕರೂ ನಮ್ಮ ಗಿರಾಕಿಗಳೇ, ಬಡಿಸುವವರು ನಮ್ಮ ಹುಡುಗರೇ.

ಮಾಡಬೇಕಾದ್ದು ಬಹಳವಿಲ್ಲ. ಲವಣ ಹೆಚ್ಚಾದ ನೀರನ್ನು ಆಗಾಗ ಹೊರಬಿಟ್ಟು ಹೊಸ ನೀರು ತುಂಬಬೇಕು. ಉಳಿಕೆ ಕ್ಲೋರಿನ್ ಲೀಟರಿಗೆ 0.5ರಿಂದ 1 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಬೇಕು. ಕ್ಷಾರದ ನೀರಿನಲ್ಲಿ ಕ್ಲೋರಿನ್ ಬಲ ಕುಗ್ಗುವುದರಿಂದ ಬೇರೆ ಯಾವ ಔಷಧ ಬೇಕೆಂದು ಬಲ್ಲವರನ್ನು ಕೇಳಬೇಕು. ಕನಿಷ್ಠ ಆರು ತಿಂಗಳಿಗೊಮ್ಮೆ ತೊಟ್ಟಿ ಬರಿದು ಮಾಡಿ ತೊಳೆಸಬೇಕು. ತೊಳೆಯುವಾಗ ಫ್ಯಾನ್ ನಿಂತಿರಲಿ, ಹುಡುಗರಿಗೆ ಸರಿಯಾದ ಮಾಸ್ಕ್ ಇರಲಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿಸಲೇಬಾರದು, ವಿಷಾನಿಲ ಬರುತ್ತದೆ. ಹನಿ ಹಾರದಂತೆ ತಡೆಯುವ ಜಾಲರಿ ಮುರಿದಿದ್ದರೆ ಕೂಡಲೇ ಬದಲಾಯಿಸಬೇಕು. ಇದೆಲ್ಲ ತಾರೀಖು ಸಮೇತ ಒಂದು ರಿಜಿಸ್ಟರಿನಲ್ಲಿ ಇರಲಿ.

ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಭಾರವೆನಿಸೀತು. ಒಂದೇ ಪ್ರದೇಶದ ಸದಸ್ಯರು ಸೇರಿ ನೀರಿನ ಪರೀಕ್ಷೆಗೂ ಶುಚಿಗೂ ಒಟ್ಟಾಗಿ ವಾರ್ಷಿಕ ಗುತ್ತಿಗೆ ಕೊಡಬಾರದೇಕೆ? ಸಂಘ ಇದಕ್ಕೆ ಮುಂದಾಗಬೇಕೆಂಬುದು ನಮ್ಮ ಆಗ್ರಹ.

ಗುಜರಾತಿನಲ್ಲಿ ದೀಪಾವಳಿಗೆ ಕಾರ್ಖಾನೆಗಳು ಮುಚ್ಚುತ್ತವೆ, ನಾವೂ ಊರಿಗೆ ಹೊರಡುತ್ತೇವೆ. ನಿಂತ ನೀರಿನಲ್ಲಿ ರೋಗಾಣು ಬೆಳೆಯುವುದು ಆಗಲೇ. ಲಾಭ ಪಂಚಮಿಯ ದಿನ ಗಲ್ಲಾಪೆಟ್ಟಿಗೆಗೆ ಪೂಜೆ ಮಾಡಿ ಬಾಗಿಲು ತೆರೆಯುವ ಮೊದಲು ತಾರಸಿ ಹತ್ತೋಣ, ತೊಟ್ಟಿ ತೊಳೆಸೋಣ.