ಬಿಡುವಿನ ಕಂಪ್ಯೂಟರ್, ಬಿಡುವಿಲ್ಲದ ಮೀಟರ್

ಮನೆಯ ಕಂಪ್ಯೂಟರ್ ಸುಮ್ಮನಿರುವ ಹೊತ್ತನ್ನು ವಿಜ್ಞಾನಕ್ಕೆ ದಾನ ಮಾಡಬಹುದು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1999ರಲ್ಲಿ ಆರಂಭಿಸಿದ ‘ಸೆಟಿ ಅಟ್ ಹೋಮ್’, ರೇಡಿಯೊ ದೂರದರ್ಶಕದ ಸಂಕೇತಗಳನ್ನು ಲಕ್ಷಾಂತರ ಮನೆಗಳಿಗೆ ಹಂಚಿ ಅನ್ಯಗ್ರಹ ಜೀವಿಗಳ ಸುಳಿವು ಹುಡುಕಿಸಿತು. ಆ ಹಂಚಿಕೆ 2020ರಲ್ಲಿ ನಿಂತಿತು. 2000ದಲ್ಲಿ ಶುರುವಾದ ‘ಫೋಲ್ಡಿಂಗ್ ಅಟ್ ಹೋಮ್’ ಪ್ರೋಟೀನುಗಳು ಮಡಚಿಕೊಳ್ಳುವ ಬಗೆಯನ್ನು ಹೀಗೆಯೇ ಲೆಕ್ಕ ಹಾಕಿಸುತ್ತಿದೆ.

ಆದರೆ ಈ ದಾನ ಪುಕ್ಕಟೆಯಲ್ಲ. ಲೆಕ್ಕದಲ್ಲಿ ತೊಡಗಿದ ಕಂಪ್ಯೂಟರ್ ಸುಮ್ಮನಿರುವುದಕ್ಕಿಂತ ಹೆಚ್ಚು ವಿದ್ಯುತ್ ಬಳಸುತ್ತದೆ. ಈ ಹೆಚ್ಚಳ 100 ವ್ಯಾಟ್ ಎಂದಿಟ್ಟುಕೊಳ್ಳಿ. 10 ಗಂಟೆಗೆ 1 ಯೂನಿಟ್ ಆಯಿತು. ಹಗಲೂ ರಾತ್ರಿ ನಡೆದರೆ 30 ದಿನಕ್ಕೆ 72 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 504 ರೂಪಾಯಿ! ರಾತ್ರಿ ಆರಿಸಬೇಕಾದ ಯಂತ್ರವನ್ನು ಇದಕ್ಕೆಂದೇ ಚಾಲೂ ಇಟ್ಟರೆ, ಅದು ಸುಮ್ಮನಿದ್ದಾಗ ಬಳಸುವ ವಿದ್ಯುತ್ತೂ ದಾನದ ಖಾತೆಗೇ ಸೇರಬೇಕು. ಇಷ್ಟೂ ವಿದ್ಯುತ್ ಕೊನೆಗೆ ಶಾಖವಾಗುತ್ತದೆ. ಬೇಸಿಗೆಯಲ್ಲಿ ಫ್ಯಾನಿಗೂ ಕೆಲಸ ಹೆಚ್ಚು.

ಹಾಗೆಂದು ಕೈಬಿಡಬೇಕಿಲ್ಲ. ದಿನಕ್ಕೆ ಎಷ್ಟು ಹೊತ್ತು, ಎಷ್ಟು ಭಾರ ಎಂಬ ಮಿತಿಯನ್ನು ತಂತ್ರಾಂಶದಲ್ಲೇ ನಿಗದಿಪಡಿಸಬಹುದು. ವಿದ್ಯಾರ್ಥಿಗಳು ಮೊದಲು ಒಂದು ರಾತ್ರಿ ಮೀಟರ್ ಓದಿಟ್ಟು, ಬೆಳಿಗ್ಗೆ ಮತ್ತೆ ಓದಲಿ. ಆ ಲೆಕ್ಕವನ್ನು ಬಿಲ್ ಕಟ್ಟುವ ಅಪ್ಪ ಅಮ್ಮನ ಮುಂದಿಡಲಿ. ದಾನ ಮನೆಯವರೆಲ್ಲರ ಒಪ್ಪಿಗೆಯದ್ದಾಗಲಿ.